ಗಾಜಿನ ಒಳಬದಿ

ಮೂರನೆಯ ಅಂಗಡಿ ಇದು.
ಮೊದಲನೆಯದು ಚೌಕಿಪೇಟೆಯಲ್ಲಿ, ಬ್ಲೌಸು, ಫಾಲ್ಸು;
ಹದಿನಾಲ್ಕು ತಿಂಗಳು.
ಎರಡನೆಯದು ಹಳೇ ಬಸ್‌ಸ್ಟ್ಯಾಂಡಿನ ಹಿಂದೆ.
ಅದರ ಲೆಕ್ಕ ಬೇಡ, ಕೊನೆಯ ಸಲ ಶೆಟರ್ ಎಳೆದ ಸದ್ದು
ಊಟಕ್ಕೆ ಕೂತಾಗ ಈಗಲೂ ಕೇಳಿಸುತ್ತದೆ.

ತಂಗಿ ಕೊಟ್ರಮ್ಮ ಅನ್ನುತ್ತಾಳೆ:
"ನೀನು ಮದುವೆಮನೆಗೆ ಹೋದರೂ
ಎಂಜಲೆಲೆ ಎಣಿಸೋಳು ಕಣಕ್ಕ."
ಸುಳ್ಳಲ್ಲ.
ಮಂಡಕ್ಕಿ ಪೊಟ್ಟಣ ಬಿಚ್ಚಿದರೆ ನನ್ನ ಬೆರಳಿಗೆ
ಮೊದಲು ಸಿಗುವುದು ಮೆತ್ತಗಾದ ಕಾಳೇ.

ಅದಕ್ಕೇ ಪೇಂಟರ್ ಖಲಂದರ್ ಸಾಬರಿಗೆ ಹೇಳಿದೆ:
ಬೋರ್ಡು ಗೀರ್ಡು ಬೇಡ, ಗಾಜಿನ ಮೇಲೇ ಬರೀರಿ,
ಅಗ್ಗದ ಬಣ್ಣ ಸಾಕು,
ಆರು ತಿಂಗಳಿಗೆ ಕೆರೆದು ತೆಗೆಯೋದೇ ಐತಲ್ಲ.

ಅವರು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡರು.
"ಅಗ್ಗದ ಬಣ್ಣ ಕೆರೆಯೋದು ಭಾಳ ಕಷ್ಟ ಕಣಮ್ಮ.
ಒಳ್ಳೇದು ಹಾಕಿದ್ರೆ ಒಂದೇ ಬ್ಲೇಡಿಗೆ ಬರತೈತಿ."
ನಗಬೇಕೋ ಬೇಡವೋ ತಿಳಿಯದೆ
ಇನ್ನೂರು ರೂಪಾಯಿ ಹೆಚ್ಚಿಗೆ ಒಪ್ಪಿಕೊಂಡೆ.

ಒಳಗೆ ಬಂದು ಸ್ಟೂಲು ಹಾಕಿಕೊಂಡರು.
ಹೊರಗೆ ಬರೆದರೆ ಮಳೆ, ಧೂಳು, ಪೋಸ್ಟರ್ ಹಚ್ಚುವ ಹುಡುಗರು;
ಒಳಗಿಂದ ಬರೆದರೆ ಗಾಜೇ ಕಾಯುತ್ತದಂತೆ.
ಆದರೆ ಬಲದಿಂದ ಎಡಕ್ಕೆ ಬರೆಯಬೇಕು.
"ನಮಗದು ಮದರಸಾದಲ್ಲೇ ರೂಢಿ" ಎಂದು
ತಾವೇ ನಕ್ಕರು.
ಆಮೇಲೆ ಸಣ್ಣ ಕುಂಚ ತೆಗೆದು, ಗೊಣಗುವ ಹಾಗೆ:
"ಎಲ್ಲರೂ ಕೊನೆಗಿಡೋ ಹೊಳಪಿನ ಗೆರೆ
ನಾ ಮೊದಲೇ ಇಡಬೇಕು.
ಅಕ್ಷರಾನೇ ಇರಲ್ಲ ಆಗ, ಬರೀ ಹೊಳಪು.
ನೋಡಿದವರು ಹುಚ್ಚ ಅಂತಾರೆ."

ಹುಚ್ಚೇ ಅನ್ನಿಸಿತು ನನಗೂ.
ಖಾಲಿ ಗಾಜಿನ ಮೇಲೆ ನಾಲ್ಕು ಬಿಳಿ ಗೀರು,
ಯಾವುದರ ಮೇಲೆ ಬಿದ್ದ ಬೆಳಕೋ.

ಸಂಜೆಗೆ ಮುಗಿಯಿತು. ದುಡ್ಡು ಎಣಿಸಿಕೊಂಡು ಹೋದರು.
ಮಿಷಿನ್ ಮುಂದೆ ಕೂತು ತಲೆಯೆತ್ತಿದರೆ
ನನ್ನ ಹೆಸರು ನನಗೇ ಬೆನ್ನು ಹಾಕಿ ನಿಂತಿತ್ತು.
ಶಕುನ ಬೇರೆ ಬೇಕಾ, ಅಂದುಕೊಂಡೆ.
ಎದುರು ದೋಸೆ ಹೋಟೆಲಿನ ಜನ
ಬೆಣ್ಣೆ ಕೈ ಒರೆಸುತ್ತ ನಿಂತು ಅದನ್ನೇ ಓದುತ್ತಿದ್ದರು
ತುಟಿ ಆಡಿಸಿ, ಸಲೀಸಾಗಿ.
ಅವರಿಗೆ ಕಂಡದ್ದು ನನಗೆ ಕಾಣುವುದಿಲ್ಲ
ಎಂಬ ಹೊಸ ದೂರು ಹೊತ್ತು ಮನೆಗೆ ಬಂದೆ.

ಮಾರನೆಯ ಬೆಳಗು, ಎಂಟೂವರೆ.
ಮೂಡಲ ಮುಖದ ಅಂಗಡಿ.
ಬಿಸಿಲು ಮುಖಕ್ಕೇ ಹೊಡೆಯುತ್ತೆ ಎಂದು
ಚೌಕಾಸಿ ಮಾಡಿ ಬಾಡಿಗೆ ಇಳಿಸಿಕೊಂಡಿದ್ದೆ.
ಅದೇ ಬಿಸಿಲು ಗಾಜಿನಿಂದ ಹೆಸರನ್ನೆತ್ತಿ
ಕಡಪಾ ಕಲ್ಲಿನ ಮೇಲೆ ಹಾಸಿತ್ತು.

ಮಿಷಿನ್ನಿನ ಕಡೆಯಿಂದ ತಲೆಕೆಳಗು.
ಗೋಡೆ ಪಕ್ಕದಿಂದ ಇರುವೆ ಸಾಲು.
ಕಾಳು ಹುಡುಕುವ ಕೋಳಿಯ ಹಾಗೆ
ಒಂದು ಸುತ್ತು ಬಂದೆ, ನಾಚಿಕೆಯೂ ಆಯಿತು,
ಯಾರಾದರೂ ನೋಡಿದರೆ.
ಹೊಸ್ತಿಲಿಗೆ ಬಂದು, ಬೀದಿಗೆ ಬೆನ್ನು ಮಾಡಿ ನಿಂತಾಗ
ಓದಲು ಬಂತು:
ಹಾಲಮ್ಮ. ಹರಿದದ್ದು ಹೊಲಿದು ಕೊಡಲಾಗುವುದು.

ಮಿಷಿನ್ ತಿರುಗಿಸಿದೆ. ಒಬ್ಬಳೇ,
ನಾಲ್ಕು ಸಲ ನಿಂತು ಸುಧಾರಿಸಿಕೊಂಡು.
ಈಗ ಬೆಳಕು ಹೆಗಲ ಹಿಂದಿನಿಂದ;
ಸೂಜಿಯ ಕಣ್ಣು ಒಂದೇ ಸಲಕ್ಕೆ ಸಿಕ್ಕಿತು.

ಹನ್ನೊಂದಕ್ಕೆಲ್ಲ ಬಿಸಿಲು ಮೇಲೇರಿ ನೆಲ ಖಾಲಿ.
ಹನ್ನೆರಡಾದರೂ ಗಿರಾಕಿ ಇಲ್ಲ.
"ನಾ ಹೇಳಿರಲಿಲ್ವಾ" ಎಂಬ ಹಳೆಯ ಮಾತು
ನಾಲಗೆಯ ಮೇಲೆ ಬಂದು ಕೂತಿತ್ತು, ಸುಳ್ಳೇಕೆ.

ಆಗ ಒಬ್ಬ ಹುಡುಗ, ಸ್ಕೂಲಿನ ಪ್ಯಾಂಟು ಮುದ್ದೆ ಮಾಡಿ ಹಿಡಿದು.
ಮೊಣಕಾಲಲ್ಲಿ ಅಂಗೈಯಗಲ ಹರಕು.
"ಇದು ಸರಿ ಹೋಗುತ್ತಾ ಆಂಟಿ?"

ನೋಡಿದೆ.
ಈ ಕಡೆಯಿಂದ ಸರಿ ಹೋಗುವ ಹಾಗಿರಲಿಲ್ಲ.
ಇಪ್ಪತ್ತೆರಡು ವರ್ಷ ದಿನಾ ಮಾಡುತ್ತ ಬಂದದ್ದನ್ನೇ
ಆವತ್ತು ಕಲಿತವಳ ಹಾಗೆ
ಕಾಲಿನೊಳಗೆ ಕೈ ತೂರಿಸಿ
ಬಟ್ಟೆಯನ್ನು ಒಳಮಗ್ಗುಲಿಗೆ ತಿರುವಿದೆ.