ಬೂಷ್ಟು

ಗುತಿಯನ್ ಊರಿನ ಬಿಸಿ ಕೋಣೆಯಲ್ಲಿ
ಐವತ್ತು ವರ್ಷ ಬೂಷ್ಟಿನನ್ನ ಮಗುಚಿದವಳು ಬಾವ್‌ಚಿನ್.
ಗೋಣಿ ಹೊದಿಸಿ ಬೆಚ್ಚಗಿಟ್ಟರೆ ಏಳನೇ ದಿನಕ್ಕೆ
ಅಗುಳು ಹೊಟ್ಟೆಯೊಳಗಿಂದಲೇ ಕೆಂಪಾಗುತ್ತದೆ;
ಉಗುರಿನ ಸಂದಿಗೂ ಅದೇ ಬಣ್ಣ,
ಯಾವ ಸಾಬೂನಿಗೂ ಜಗ್ಗದು.

ಮೊಮ್ಮಗ ಫುಝೌನಿಂದ ಸೀಸೆ ತಂದ:
“ಹೃದಯಕ್ಕೆ ಒಳ್ಳೇದಂತೆ ಅಜ್ಜೀ, ಭಾರೀ ದುಬಾರಿ.”
ಗುಳಿಗೆ ಬಿಚ್ಚಿ
ಪುಡಿಯನ್ನು ನಾಲಿಗೆಗಿಟ್ಟಳು.
“ಐದನೇ ದಿನವೇ ಒಣಹಾಕಿದ್ದಾರೆ,
ಏನವಸರವೋ!”

ಡಾಕ್ಟರು ಮಾತ್ರ ನಗಲಿಲ್ಲ.
ನೀವು ನುಂಗುವ ಕೊಬ್ಬಿನ ಮಾತ್ರೆಗೂ ಇದಕ್ಕೂ
ಒಂದೇ ಬೇರು,
ಎರಡೂ ಕೂಡಿದರೆ ತೊಡೆ ಹಿಂಡಿ ಬಂದೀತು.

ರಕ್ತಕ್ಕೆಂದು ಬೆರಳು ಚುಚ್ಚಿದ ನರ್ಸ್
ಹತ್ತಿಯಲ್ಲಿ ಒರೆಸಿದಳು, ಮತ್ತೆ ಒರೆಸಿದಳು,
ಗಾಬರಿಯಲ್ಲಿ ಇನ್ನೊಂದು ಹತ್ತಿ.

“ನನ್ನದು ಆಗಲೇ ನಿಂತಿದೆ ಕಣೇ,” ಎಂದಳು ಮುದುಕಿ,
“ಉಳಿದದ್ದು ಅಕ್ಕಿಯದು.”