ನೂರು ಕಪ್ಪು

ಹೊಳೆಯಬೇಕಾದಲ್ಲಿ ಕಪ್ಪು ತುಂಬು.
ಮೊದಲ ದಿನವೇ ಹೇಳಿಕೊಟ್ಟಿದ್ದರು,
ಭವಂತಿ ರಸ್ತೆಯ ಈ ಮಾಳಿಗೆಯಲ್ಲಿ, ಇದೇ ಕಿರುಗುಟ್ಟುವ ಫ್ಯಾನಿನಡಿ:
ಬಣ್ಣದ ಪದರ ಒಂದು, ಹೊಳಪಿನದು ಬೇರೆ,
ಅದರಲ್ಲಿ ಬರೇ ಕಪ್ಪು, ನೂರಕ್ಕೆ ನೂರು.
ತೊಂಬತ್ತೈದು ಇಟ್ಟೆಯೋ, ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ.
ಹೊಳಪಿಗೆ ನಸು ಎಂಬುದಿಲ್ಲ ಮಾರಾಯ,
ಉಂಟೋ, ಉಂಟು. ಇಲ್ಲವೋ, ಇಲ್ಲ.

ಹದಿನಾಲ್ಕು ವರ್ಷವಾಯಿತು.
ಗೇರುಬೀಜದ ಡಬ್ಬಿಗೆ ಹೊಳಪು ಇಟ್ಟಿದ್ದೇನೆ,
ಅತ್ತರಿನ ಪೆಟ್ಟಿಗೆಗೆ, ದಂತವೈದ್ಯರ ಕಾರ್ಡಿನ ಒಂದು ಹಲ್ಲಿಗೆ,
ಐಸ್‌ಕ್ರೀಮಿನ ಮೆನುವಿನಲ್ಲಿ ಚೆರ್ರಿಗೆ ಮಾತ್ರ.
ಒಮ್ಮೆ ಪದರ ಕೂದಲೆಳೆಯಷ್ಟು ಸರಿದು
ಮದುಮಗನ ಹೆಸರಿನ ಪಕ್ಕ ಅದರದೇ ಪ್ರೇತ ಹೊಳೆಯಿತು;
ಎಂಟುನೂರು ಕಾರ್ಡಿನ ದುಡ್ಡು ನನ್ನ ಸಂಬಳದಿಂದ ಹೋಯಿತು.

ಸುಜಯಾ ಮಾವನೊಂದಿಗೆ ಬಂದದ್ದು ಬೆಳಿಗ್ಗೆ.
ಬರೆದು ತಂದ ಹಾಳೆಯನ್ನು ಮೇಜಿಗೆ ಒತ್ತಿ ಹಿಡಿದು ಮಾವ ಹೇಳಿದರು:
ಗಣಪತಿ ಹೊಳೆಯಬೇಕು.
ಶುಭಪತ್ರಕ್ಕೆ ‘ದಿವಂಗತ’ ಬೇಡ, ಆ ಹೆಸರೂ ಬೇಡ,
ಕರೆಯುವವ ನಾನು, ನನ್ನ ಹೆಸರು ಸಾಕು.

ಸಂಜೆ ಅವಳೊಬ್ಬಳೇ ಮೆಟ್ಟಿಲು ಹತ್ತಿದಳು,
ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟು ಕೂತಳು.
‘ಅಣ್ಣಾ, ಶಾಯಿ ಇಲ್ಲದೆ ಹೊಳಪು ಮಾತ್ರ ಹಾಕ್ಲಿಕ್ಕೆ ಆಗ್ತದಾ?
ನೇರ ನೋಡಿದ್ರೆ ಏನೂ ಕಾಣಬಾರದು.
ಓರೆ ಹಿಡಿದ್ರೆ ಕಾಣಬೇಕು.’
ಆಗ್ತದೆ, ಎಂದೆ. ಯಾರದೆಂದು ಕೇಳಲಿಲ್ಲ.
ಅವಳೇ ಹೇಳಿದಳು: ದಕ್ಕೆಯ ಐಸ್ ಪ್ಲಾಂಟಿನಲ್ಲಿ ಇಪ್ಪತ್ತಾರು ವರ್ಷ.
ಮನೆಗೆ ಬಂದರೂ ಅಪ್ಪನ ಕೈ ತಣ್ಣಗೆ;
ಜ್ವರ ಬಂದ ದಿನ ಹಣೆಗೆ ಬೇರೆ ಬಟ್ಟೆ ಬೇಕಿರಲಿಲ್ಲ.
ಹೇಳಿ ನಕ್ಕಳು. ನಾನು ಮೌಸ್ ಹಿಡಿದುಕೊಂಡೆ.

ವಾಮನ ತಿಂಗಳಾಯ.
ಬಣ್ಣದ ಪದರದಲ್ಲಿ ಇಲ್ಲ. ಹೊಳಪಿನದರಲ್ಲಿ ಉಂಟು.
ಬೈಕಂಪಾಡಿಯ ಕಂಪ್ಯೂಟರಿನಲ್ಲಿ ‘ತಿಂ’ ಕೆಟ್ಟು ಚೌಕವಾಗದಿರಲೆಂದು
ಅಕ್ಷರಗಳನ್ನೆಲ್ಲ ಗೆರೆ ಮಾಡಿದೆ.
ಇಡೀ ಹೆಸರಿಗೆ ಒಂದೇ ಸೊನ್ನೆ.
ವಾರ್ನಿಶ್ ಹರಿದು ಅದರ ಹೊಟ್ಟೆ ತುಂಬಿಸಿಬಿಡುತ್ತದೆ;
ಸೊನ್ನೆಯನ್ನು ತುಸು ಹಿಗ್ಗಿಸಿದೆ,
ಒಳಗಿನ ಖಾಲಿಯನ್ನು ಇನ್ನೂ ತುಸು.
ಮಡಿಕೆಯ ಮೇಲೆ ಬಿದ್ದರೆ ಬಿರುಕು ಬಿಡುತ್ತದೆಂದು
ಮಾವನ ಹೆಸರಿನ ಮೇಲುಗಡೆ,
ಖಾಲಿ ಉಳಿದಿದ್ದ ಒಂದೂವರೆ ಸೆಂಟಿಮೀಟರಿನಲ್ಲಿ ಕೂರಿಸಿದೆ.
ಪರೀಕ್ಷೆಗೆ ಬಣ್ಣದ ಪದರದ ಕಣ್ಣು ಮುಚ್ಚಿದಾಗ
ಬಿಳಿಯ ಮೇಲೆ ಕಪ್ಪು ಗಣಪತಿ, ಕಪ್ಪು ಹೆಸರು,
ಬೊಜ್ಜದ ಕಾರ್ಡಿನ ಹಾಗೆ.
ಬೇಗ ಕಣ್ಣು ತೆರೆದೆ. ಅವಳು ನೋಡಿದಳೋ ಏನೋ.

ರಾತ್ರಿ ಹಮ್ಮಬ್ಬನ ಫೋನು:
‘ಎಂತ ಮಾರಾಯ, ಯುವಿ ಫೈಲಿನಲ್ಲಿ ಒಂದು ಹೆಸರು ಹೆಚ್ಚುಂಟು,
ಕೆಳಗೆ ಶಾಯಿಯೇ ಇಲ್ಲ. ತೆಗೀಲಾ?’
ತಪ್ಪಲ್ಲ ಅದು.
‘ಖಾಲಿಯ ಮೇಲೆ ಹೊಳಪಾ?’
ಹೌದು.
ಯಂತ್ರದ ಸದ್ದು ಸ್ವಲ್ಪ ಹೊತ್ತು. ಮತ್ತೆ ಅವನೇ:
‘ಹಾಗಾದ್ರೆ ಮೊದಲು ಮ್ಯಾಟ್ ಲ್ಯಾಮಿನೇಷನ್ ಮಾಡಿಸು.
ಬರಿ ಕಾಗದ ಕುಡಿದುಬಿಡ್ತದೆ.’

ಶುಕ್ರವಾರ ಕಾರ್ಡು ಬಂತು, ನಾನೂರು.
ಮಾವ ಕಾಗುಣಿತ ನೋಡಿದರು,
ಗಣಪತಿಯ ಮೇಲೆ ಹೆಬ್ಬೆರಳು ಸವರಿದರು, ನಗದು ಎಣಿಸಿದರು.
ಹೊರಟವರು ಕಿಟಕಿಯ ಬಿಸಿಲಿನಲ್ಲಿ ನಿಂತು
ಒಂದು ಕಾರ್ಡನ್ನು ಓರೆ ಹಿಡಿದರು.
ಮತ್ತೊಮ್ಮೆ ಓರೆ ಹಿಡಿದರು.
ನಾನು ಬಿಲ್ಲಿನ ಪುಸ್ತಕದೊಳಗೆ ತಲೆ ಹಾಕಿದೆ.

ಆ ಒಂದನ್ನು ಕಟ್ಟಿಗೆ ಸೇರಿಸದೆ ಅಂಗಿಯ ಜೇಬಿಗೆ ಇಳಿಸಿ
ಅರ್ಧ ಮೆಟ್ಟಿಲಿಂದ ತಿರುಗಿ ಕೇಳಿದರು:
‘ಇದಕ್ಕೆ ಬೇರೆ ದುಡ್ಡು ಉಂಟಾ?’
ಇಲ್ಲ, ಎಂದೆ. ಗಣಪತಿಯದೇ ಪದರ, ಅದೇ ಒಂದು ಸುತ್ತು.
‘ಹಾಗಾದ್ರೆ ಆಯ್ತು,’ ಎಂದರು.