ನಾಲ್ಕನೇ ಜ್ವರ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ಜಬೀನಾಳ ಫಿಲೇಚರಿನಲ್ಲಿ ಹುಟ್ಟಿದ್ದು ಅದು,
ಕುದಿನೀರಿನ ಆವಿಯಲ್ಲಿ,
ನೂಲು ಕಳಚಿ ಉಳಿದ ಹುಳುವಿನ ವಾಸನೆಯಲ್ಲಿ.
ಬೂದಿ ಬಣ್ಣ. ಎಡಗಿವಿಗೆ ತುದಿಯಿಲ್ಲ.
ಗೂಡಿನ ಖಾಲಿ ಚೀಲಕ್ಕೆ ಇಳಿಸಿ
ಬಾಯಿ ಸಡಿಲವಾಗಿ ಕಟ್ಟಿ ಕೊಟ್ಟಳು:
"ಒಗೆಯದ ಸೀರೆ ಒಂದು ಹತ್ತಿರ ಇಡು.
ಮುಖ ನೋಡಬೇಡ. ಕರೀಬೇಡ.
ಕೈ ಅಡ್ಡ ಹಾಕಿದರೆ ನಿಲ್ಲೋಕೆ ಅದೇನು ಆಟೋನಾ?"

ಬಸ್ಸಿನಲ್ಲಿ ಚೀಲ ನನ್ನ ತೊಡೆಯ ಮೇಲೆ.
ಪಕ್ಕದ ಸೀಟಿನವರು ಕೇಳಿದರು,
ಈ ಸಲ ಗೂಡಿಗೆ ಏನು ಬಿತ್ತು ರೇಟು?
ಚೀಲ ಮಿಯಾಂವ್ ಎಂದಿತು.

ಮನೆಯಲ್ಲಿ ಹುಳು ಆಗತಾನೇ ಮೂರನೇ ಜ್ವರ ಎದ್ದು
ಸೊಪ್ಪಿಗೆ ಬಿದ್ದಿತ್ತು. ಇಲಿ ಹುಳುವಿಗೆ ಬಿದ್ದಿತ್ತು.
"ಹುಳು ತಿಂದು ಬೆಳೆದದ್ದನ್ನ ಹುಳು ಕಾಯೋಕೆ ತಂದಾ?
ಕಳ್ಳನ ಕೈಗೆ ಕೀಲಿ," ಎಂದರು ಅತ್ತೆ.
ಮುನಿಶಾಮಿ ಏನೂ ಅನ್ನದೆ
ಹುಳುಮನೆಯ ಬಾಗಿಲಿಗೆ ಇನ್ನೊಂದು ಜಾಲರಿ ಬಡಿದ.

ಚೀಲದ ಬಾಯಿ ಬಿಚ್ಚಿದ್ದೇ ತಡ
ರಾಗಿ ಡ್ರಮ್ಮಿನ ಹಿಂದೆ ಹೋಯಿತು.
ಹೋದದ್ದು ಹೋಯಿತು.

ಬಾಂಡ್ಲಿಯಲ್ಲಿ ಮರಳು ಇಟ್ಟೆ,
ತೆಂಗಿನ ಚಿಪ್ಪಿನಲ್ಲಿ ಮೊಸರನ್ನ.
ಮೊದಲ ದಿನ ಅನ್ನ ಇರುವೆಗಾಯಿತು.
ಅತ್ತೆ ತೆಲುಗಿನಲ್ಲಿ ಪಿಲ್ಲೀ ಎಂದು ಕರೆದರು,
ಮಗಳು ಪಾವನಿ ಚಿನ್ನೂ ಎಂದಳು,
ಜಬೀನಾ ಬಿಲ್ಲಿ ಎನ್ನುತ್ತಿದ್ದಳಲ್ಲ, ನಾನು ಅದನ್ನೂ ಅಂದು ನೋಡಿದೆ.
ಕರೀಬೇಡ ಅಂದಿದ್ದು ಯಾರಿಗೂ ನೆನಪಿಲ್ಲ.
ಪಾವನಿ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ
ಡ್ರಮ್ಮಿಗೆ ಹದಿಮೂರರ ಮಗ್ಗಿ ಒಪ್ಪಿಸಿದಳು,
ಹದಿಮೂರೇಳಲಿ ತೊಂಬತ್ತೊಂದರ ತನಕ,
ಅಲ್ಲಿಂದ ಮುಂದೆ ಅವಳಿಗೂ ಬಾರದು.

ಮೂರನೇ ಬೆಳಗ್ಗೆ ಮರಳಲ್ಲಿ ಒಂದು ಪುಟ್ಟ ಗುಂಡಿ,
ಮುಚ್ಚಿದ ಗುರುತು.
ಅಷ್ಟಕ್ಕೇ ನಾವು ಮೂರು ಹೆಂಗಸರು
ಬಾಂಡ್ಲಿಯ ಸುತ್ತ ನಿಂತು ನಕ್ಕೆವು,
ಗೃಹಪ್ರವೇಶ ಆದ ಹಾಗೆ.

ಆಮೇಲೆ ಮತ್ತೆ ಬರೀ ಎರಡು ಕಣ್ಣು.
ತಡೆಯಲಿಲ್ಲ ನನಗೆ. ಕೈ ತೂರಿಸಿ ಎಳೆದೆ.
ಮಣಿಕಟ್ಟಿನಿಂದ ಮೊಣಕೈವರೆಗೆ
ನಾಲ್ಕು ಗೆರೆ ಬರೆದು ಕಳಿಸಿತು.
ಅರಿಶಿನ ಹಚ್ಚುತ್ತಾ ಅತ್ತೆ
ಬಾಯಿ ಬಿಡಲಿಲ್ಲ, ಅದೇ ಹೆಚ್ಚು ಉರಿಯಿತು.

ಐದನೇ ರಾತ್ರಿ ಹುಳು
ನಾಲ್ಕನೇ ಜ್ವರಕ್ಕೆ ಕೂತಿತು,
ತಟ್ಟೆ ತಟ್ಟೆಯಲ್ಲೂ ತಲೆ ಎತ್ತಿ, ಅಲುಗದೆ.
ಸೊಪ್ಪು ನಿಲ್ಲಿಸಿದೆವು. ಸುಣ್ಣ ಉದುರಿಸಿದೆವು.
ಜ್ವರಕ್ಕೆ ಕೂತದ್ದನ್ನು ಮುಟ್ಟಬಾರದು,
ಹಳೇ ತೊಗಲು ಬಿಡುವಾಗ ಯಾರ ಕೈಯೂ ಬೇಡ:
ಈ ಮನೆಗೆ ಸೊಸೆಯಾಗಿ ಬಂದ ವಾರವೇ ಕಲಿತ ಪಾಠ.
ಹದಿನಾಲ್ಕು ವರ್ಷದಿಂದ ಗೊತ್ತು.
ತೋಳಿನ ಗೀರು ಮಾತ್ರ ನಿನ್ನೆಯದು.

ಗೋಡೆಯಾಚೆ ಹಗಲೂ ರಾತ್ರಿ
ಸರಸರ ಎನ್ನುತ್ತಿದ್ದ ಸಾವಿರಾರು ಬಾಯಿ
ನಿಂತೇಹೋಗಿತ್ತು.
ಕೇಳಿ ಕೇಳಿ ನಾವು ಕೇಳುವುದು ಬಿಟ್ಟಿದ್ದ ಸದ್ದು,
ನಿಂತ ಮೇಲೆ ಕಿವಿಗೆ ಬಿತ್ತು.
ಆಗ ಹೊಳೆಯಿತು:
ಅದು ಕಂಡ ಹುಳುವೆಲ್ಲ ಬೆಂದದ್ದು, ಸದ್ದಿಲ್ಲದ್ದು.
ಬದುಕಿ ತಿನ್ನುವ ಹುಳುವನ್ನು ಕೇಳಿದ್ದು ಇಲ್ಲೇ ಮೊದಲು.
ಐದು ದಿನ ಅದರ ಪಾಲಿಗೆ
ಈ ಮನೆಯ ಗೋಡೆಯೇ ಅಗಿಯುತ್ತಿತ್ತೋ ಏನೋ.

ಎಷ್ಟು ಹೊತ್ತಾಗಿತ್ತೋ, ಚಾಪೆಯಲ್ಲಿದ್ದೆ.
ಪಾದಕ್ಕೆ ಮೀಸೆ ತಾಗಿತು.
ಕಾಲುಂಗುರ ಮೂಸಿತು, ಮಂಡಿಯ ಮೂಳೆ ಮೂಸಿತು,
ಅರಿಶಿನದ ತೋಳಿನ ಹತ್ತಿರ ಬಂದು
ತಾನು ಬರೆದದ್ದನ್ನು ತಾನೇ ಓದಿ ನೋಡಿದ ಹಾಗೆ ನಿಂತಿತು.
ಹೊಟ್ಟೆಯ ಮೇಲೆ ಹತ್ತಿ ಸುತ್ತಿಕೊಂಡಿತು.
ಎಡಗಾಲು ಜೋಮು ಹಿಡಿಯಿತು.
ಹಿಡಿಯಲಿ.

ಮರುರಾತ್ರಿ ಹುಳು ಎದ್ದಿತು.
ಈ ಸಲ ಹಸಿವು ದೊಡ್ಡದು, ಸದ್ದೂ.
ತುದಿಯಿಲ್ಲದ ಕಿವಿ ಒಮ್ಮೆ ಗೋಡೆಯ ಕಡೆ ತಿರುಗಿತು,
ಉಗುರು ಸೀರೆ ದಾಟಿ ಚರ್ಮಕ್ಕೆ ತಾಗಿತು,
ಅಲ್ಲೇ ಇತ್ತು.
ಇಲಿಯೊಂದು ಜಂತೆಯ ಮೇಲೆ
ನಿಶ್ಚಿಂತೆಯಾಗಿ ಓಡಿಹೋಯಿತು.
ಕತ್ತಲಲ್ಲಿ ಅತ್ತೆ ಕೇಳಿದರು, "ಎದ್ದಿತಾ?"
ಹುಳುವಿನ ಮಾತೋ, ಬೆಕ್ಕಿನದೋ.

"ಮೆಲ್ಲಗೆ," ಎಂದೆ.